ಹೆಂಗಸರ ಹಾಲ್‌ನ ಕ್ಯಾಮೆರಾದವಳು

"ನೀನಾ...!"

ಮದುಮಗಳ ತಾಯಿ ಉಮ್ಮ್ ಲುವೈ, ಎಂದರೆ ಲುವೈನ ಅಮ್ಮ, ಸಿವಾರಳನ್ನು ಕಂಡದ್ದೇ ಹುಬ್ಬು ಗಂಟಿಕ್ಕಿದರು.

ಸಿವಾರಳ ಕೈಯಿಂದ ಕ್ಯಾಮೆರಾ ಜಾರುವುದೊಂದು ಬಾಕಿ! ಇದು ಲುವೈನ ತಂಗಿಯ ಮದುವೆ ರಿಸೆಪ್ಷನ್ ಎಂದು ಸ್ಟುಡಿಯೋದವರು ಹೇಳಿರಲೇ ಇಲ್ಲ. ಬಿಟ್ಟು ಹೋಗೋಣವೆಂದರೆ ಹೆಂಗಸರ ಹಾಲ್‌ಗೆ ಗಂಡಸು ಕ್ಯಾಮೆರಾ ಹಿಡಿದು ಬರುವಂತಿಲ್ಲ. ಅತಿಥಿಗಳ ಫೋನುಗಳನ್ನೂ ಬಾಗಿಲಲ್ಲೇ ಇಸಿದುಕೊಂಡಿದ್ದಾರೆ. ಈ ಹೊತ್ತಿನಲ್ಲಿ ಇಡೀ ಇರ್ಬಿದ್ ನಗರ ಹುಡುಕಿದರೂ ಇನ್ನೊಬ್ಬ ಕ್ಯಾಮೆರಾದವಳು ಸಿಗುತ್ತಾಳೆಯೇ? ಪಾಪ, ಸರಿಯಾಗಿ ಸಿಕ್ಕಿಹಾಕಿಕೊಂಡಿದ್ದಳು.

"ಬಂದಿದ್ದಾಯ್ತು, ಕೆಲ್ಸ ನೋಡು. ತಲೆ ಮೇಲೆ ಬಟ್ಟೆ ಇಲ್ದೋರ ಮುಖ ಬರಬಾರ್ದು, ಜಗಳ ಆಗುತ್ತೆ. ಆಮೇಲೆ ಮದುಮಗನ ಜೊತೆ ನನ್ನ ಮಗ ಒಳಗೆ ಬರ್ತಾನೆ. ಆ ಹಸಿರು ಸ್ಕಾರ್ಫಿನ ಹುಡುಗಿ ಇದಾಳಲ್ಲ, ಅವಳೂ ಇವನೂ ಜೋಡಿಯಾಗಿ ಕಾಣೋ ಹಾಗೆ ತೆಗಿ. ಅವಳ ಮನೆಯೋರಿಗೆ ತೋರಿಸ್ಬೇಕು."

'ಅಯ್ಯೋ ದೇವರೇ... ನನ್ನ ಕೈಯಿಂದಲೇ?'

ಹೋದ ವರ್ಷ ಲುವೈನ ಕಡೆಯ ಹಿರಿಯರು ಸಿವಾರಳನ್ನೇ ಕೇಳಲು ಬಂದಿದ್ದರು. ಇಲ್ಲಿಯ ಪದ್ಧತಿಯಂತೆ, ಹೆಣ್ಣು ಕೊಡುತ್ತೇವೆಂಬ ಮಾತು ಬರುವ ತನಕ ಮುಂದೆ ಕೂತ ಹಿರಿಯರು ಕಾಫಿ ಮುಟ್ಟಬಾರದು. ಲುವೈನ ದೊಡ್ಡಪ್ಪ ಬಟ್ಟಲೆತ್ತಿ ಕುಡಿದೇಬಿಟ್ಟರು! ಹೆಣ್ಣು ಕೇಳುವುದೇನೂ ಇಲ್ಲ, ಬರೀ ಕಾಫಿಗೆ ಬಂದೆವು ಎಂದಂತಾಯಿತು. ಸಿವಾರಳ ಅಪ್ಪ ಸಿಡಿದೆದ್ದು ಬಾಗಿಲು ತೋರಿಸಿದರು. ಮನಸ್ಸು ಬದಲಿಸಿದ ಲುವೈಯೇ ಹೀಗೆ ಮಾಡಿಸಿದನೆಂದು ನಂಬಿ, ಅವಳು ತನ್ನ ಫೋನ್ ನಂಬರನ್ನೇ ಬದಲಿಸಿದ್ದಳು.

"ಗಂಡಸರು ಬರ್ತಿದ್ದಾರೆ!"

ಹೆಂಗಸರೆಲ್ಲ ಗಡಿಬಿಡಿಯಲ್ಲಿ ನಿಲುವಂಗಿ ಎಳೆದುಕೊಂಡರು. ಮದುಮಗನ ಹಿಂದೆಯೇ ಲುವೈ ಬಂದ. ತಾಯಿ ಅವನನ್ನು ಹಸಿರು ಸ್ಕಾರ್ಫಿನವಳ ಪಕ್ಕಕ್ಕೆ ಎಳೆದರು. ಕೈ ಬಿಡಿಸಿಕೊಂಡು ಅವನು ನೇರ ಕ್ಯಾಮೆರಾ ಮುಂದೆ ನಿಂತ.

"ಸಿವಾರ್, ಇದನ್ನ ತೆಗಿ. ನಾಳೆ ಯಾರೂ ಇಲ್ಲ ಅನ್ಬಾರ್ದು. ನಮ್ಮ ದೊಡ್ಡಪ್ಪ ಬದುಕೆಲ್ಲ ಬ್ರೆಜಿಲ್‌ನಲ್ಲಿ ಕಳೆದೋರು. ಅಲ್ಲಿ ಕಾಫಿ ಕೊಟ್ರೆ ಕುಡೀತಾರೆ ಕಣೇ! ನಮ್ಮ ಪದ್ಧತಿ ಅವರಿಗೆ ಮರ್ತೇಹೋಗಿತ್ತು. ನಾನು ಅವತ್ತೂ ನಿನ್ನೇ ಕೇಳೋಕೆ ಬಂದಿದ್ದು... ಇವತ್ತೂ ನಿನ್ನೇ ಕೇಳ್ತಿದೀನಿ."

"ಆಫ್ ಮಾಡೇ ಅದನ್ನ!" ಉಮ್ಮ್ ಲುವೈ ಅರಚಿದರು.

"ಮಾಡ್ಬೇಡ!" ಎಂದ ಲುವೈ.

ಸಿವಾರಳ ಕಣ್ಣು ಮಂಜಾಯಿತು. ವರ್ಷವಿಡೀ ಹಂಬಲಿಸಿದ ಮಾತು! ದಾಖಲಾಗಿಬಿಟ್ಟರೆ ಸಾಕು, ಇನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವನ ಬೆನ್ನ ಹಿಂದೆ ಮದುಮಗಳು ರವಾನ್ ತುಟಿ ಕಚ್ಚಿ ನಿಂತಿದ್ದಳು. ತನ್ನ ಮದುವೆಯ ದಿನವೇ ಅವಳ ಕಡೆ ಒಬ್ಬರೂ ನೋಡುತ್ತಿರಲಿಲ್ಲ.

ಸಿವಾರ್ ಕ್ಯಾಮೆರಾವನ್ನು ಲುವೈನಿಂದ ಸರಿಸಿ ರವಾನಳ ಕಡೆ ತಿರುಗಿಸಿದಳು. ಉಮ್ಮ್ ಲುವೈ ಹೋಗಿ ಮಗಳ ಕೈ ಹಿಡಿದುಕೊಂಡರು.

ಲುವೈನ ಮುಖ ಬಾಡಿತು. "ಅಂದ್ರೆ... ಇಲ್ಲ ಅಂತಾನಾ?"

"ಇದು ನಿನ್ನ ತಂಗಿ ದಿನ ಕಣೋ, ಪೆದ್ದ!" ಲೆನ್ಸಿನಿಂದ ಕಣ್ಣು ತೆಗೆಯದೆ ಅವಳು ಪಿಸುಗುಟ್ಟಿದಳು. "ನಾಳೆ ಮನೆಗೆ ಬಂದು ಕೇಳು. ಅಪ್ಪನ್ನ ನಾನು ಒಪ್ಪಿಸ್ತೀನಿ."

"ದೊಡ್ಡಪ್ಪನ್ನ ಕರ್ಕೊಂಡು ಬರ್ಲಾ?"

"ಕೊಂದುಬಿಡ್ತೀನಿ!"

ಅಳುತ್ತಲೇ ನಕ್ಕಳು.

"ಹಾಗಾದ್ರೆ ನಮ್ಮ ಮದುವೇಲಿ ಕ್ಯಾಮೆರಾ ಹಿಡಿಯೋರು ಯಾರು?"

"ಯಾರಾದ್ರೂ ಹಿಡೀಲಿ. ಅವತ್ತು ನಾನು ಕ್ಯಾಮೆರಾ ಮುಂದೆ ಇರ್ತೀನಿ... ನಿನ್ನ ಪಕ್ಕದಲ್ಲಿ."