ಪೂವಪ್ಪನ ಕದಂಬ ಸೇವೆ

ಚಂಡಮಾರುತಕ್ಕೆ ಸಿಕ್ಕಿ ಹೋಟೆಲಿನ ಮುಂದಿನ ಗುಲ್‌ಮೊಹರ್ ಮರ ಅಡ್ಡ ಬಿದ್ದ ವರ್ಷವೇ ಪೂವಪ್ಪನ ಬಾಳಿನ ಒಳ್ಳೆಯ ವರ್ಷ. ವಿಲೆ ಪಾರ್ಲೆ ಸ್ಟೇಷನ್ನಿನಿಂದ ಹೊರಬಂದವರಿಗೆ ಅವನ ಹೋಟೆಲಿನ ಬೋರ್ಡು ಮೊದಲ ಸಲ ಕಾಣಿಸಿತು. ಬೆಳಗಿನ ಇಡ್ಲಿಗೆ ಜನ ಫುಟ್‌ಪಾತಿನ ತನಕ ನಿಂತರು. ಅಷ್ಟರಲ್ಲಿ ಪಾಲಿಕೆಯವರು ಬಂದು ಖಾಲಿ ಗುಂಡಿಯಲ್ಲಿ ಕದಂಬದ ಸಸಿ ನೆಟ್ಟರು. ಮುಂದಿನ ವರ್ಷಗಳಲ್ಲಿ ಬಿಸಿಲೂ ಬಿರುಗಾಳಿಯೂ ಹೆಚ್ಚಲಿವೆಯಂತೆ, ಈ ನೆಲದ ಮರಗಳಾದರೆ ತಾಳಿಕೊಳ್ಳುತ್ತವೆಯಂತೆ. ತಾಳಿಕೊಳ್ಳುವುದೇನು, ಹೋಟೆಲಿನ ಮೇಲೆ ಹಗೆ ಇದ್ದಂತೆ ಅದು ಬೆಳೆಯಿತು. ಕೆಲವೇ ಮಳೆಗಾಲಗಳಲ್ಲಿ ಬೋರ್ಡಿನ ಮುಂದೆ ಎಲೆಗಳ ಪರದೆ ಬಿತ್ತು. ಗಿರಾಕಿಗಳು ಎದುರಿನ ರೋಶನ್‌ನ ಹೊಸ ಹೋಟೆಲಿಗೆ ಹೋದರು. ಹೀಗೇ ಮುಂದುವರಿದರೆ ಶಟರ್ ಎಳೆಯಬೇಕಾಗುತ್ತದೆ ಎಂಬುದು ಪೂವಪ್ಪನಿಗೆ ತಿಳಿದಿತ್ತು.

ಕೊಂಬೆ ಕಡಿಯಲು ಅನುಮತಿ ಕೇಳಿದಾಗ ವಾರ್ಡಿನ ಮರಗಳ ಉಸ್ತುವಾರಿ ನೋಡುವ ಶ್ರಾವ್ಯಾ ಬಂದಳು. ಮಾಟುಂಗದಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಮಾತಾಡುವಾಗ ಎಡವುತ್ತಿದ್ದಳು.

"ಅಂಕಲ್, ಇದು ಸಿರ್ಫ್ ಮರ ಅಲ್ಲ. ಇಡೀ ಗಲ್ಲಿಗೆ ಎಸಿ ಇದು," ಎಂದಳು. ಕಡಿದರೆ ಕೇಸು ಬೀಳುತ್ತದೆ ಎಂಬುದನ್ನೂ ನಗುತ್ತಲೇ ತಿಳಿಸಿದಳು.

ಕಡಿಯಬಾರದು, ಅಷ್ಟೇ ತಾನೇ? ತಾನಾಗಿ ಸತ್ತರೆ ಯಾರ ಮೇಲೆ ಕೇಸು? ಪೂವಪ್ಪ ಕ್ಯಾಶ್ ಕೌಂಟರಿನಲ್ಲಿ ಕೂತು ಸಾವಧಾನವಾಗಿ ಯೋಚಿಸಿದ. ಆಸಿಡ್ ಕಲೆ ಉಳಿಸುತ್ತದೆ. ಕಾಂಡಕ್ಕೆ ತೂತು ಕೊರೆದರೆ ಕಣ್ಣಿಗೆ ಬೀಳುತ್ತದೆ. ಕಳೆನಾಶಕ ತಂದರೆ ಮಾರಿದವನಿಗೆ ನೆನಪಿರುತ್ತದೆ. ನೋಡಿದರೆ, ಆಯುಧ ಅಡಿಗೆಮನೆಯಲ್ಲೇ ಇತ್ತು. ಅವನ ಹೆಂಡತಿ ಶೀಲಾವತಿ ಪ್ರತಿ ಬೇಸಿಗೆಯಲ್ಲೂ ಹಲಸಿನ ಸೊಳೆಗೆ ಉಪ್ಪು ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಡುತ್ತಿದ್ದಳು. ಅದರ ರೊಟ್ಟಿಗೆಂದೇ ಊರಿನ ಕಡೆಯವರು ಗೋರೆಗಾಂವ್‌ನಿಂದ ಲೋಕಲ್ ಹಿಡಿದು ಬರುತ್ತಿದ್ದರು. ರುಬ್ಬುವ ಮೊದಲು ಸೊಳೆಯನ್ನು ನೆನೆಸಿ ಉಪ್ಪು ಬಿಡಿಸಬೇಕು. ಆ ನೀರು ದಿನವೂ ಮೋರಿಗೆ ಹೋಗುತ್ತಿತ್ತು. ಇನ್ನು ಮುಂದೆ ಕದಂಬದ ಬುಡಕ್ಕೆ ಹೋಗಲಿ, ಅದರಲ್ಲಿ ಇನ್ನೊಂದಷ್ಟು ಹರಳುಪ್ಪೂ ಕರಗಲಿ. ಮರ ಬಿಸಿಲಿಗೆ ಒಣಗಿದ ಹಾಗೆಯೇ ಒಣಗುತ್ತದೆ. ಜೂನಿನ ಮಳೆ ಸಾಕ್ಷಿಯನ್ನು ತೊಳೆದು ಸಮುದ್ರಕ್ಕೆ ಸೇರಿಸುತ್ತದೆ. ಕದ್ದು ಮುಚ್ಚಿ ಹೊಯ್ಯಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಮರಕ್ಕೆ ನೀರೆರೆಯುವವನ ಮೇಲೆ ಯಾರು ಅನುಮಾನ ಪಡುತ್ತಾರೆ?

ಯಾರೂ ಪಡಲಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವನು ಬಕೆಟ್ ಹಿಡಿದು ಹೊರಟರೆ ಬಿಲ್ಡಿಂಗಿನ ಅಜ್ಜಿಯರು ಬಾಲ್ಕನಿಯಿಂದಲೇ ಕೈಮುಗಿಯುತ್ತಿದ್ದರು.

"ಏನು ಪೂವಪ್ಪಣ್ಣ, ಗಿರಾಕಿ ಇಲ್ಲಾಂತ ಮರಕ್ಕೆ ಬಡಿಸುದಾ?" ಎಂದು ರೋಶನ್ ರಸ್ತೆಯ ಆಚೆಯಿಂದ ಕೇಳಿದ. ಪೂವಪ್ಪ ಸಂತನಂತೆ ನಕ್ಕ. ಶ್ರಾವ್ಯಾ ಅವನ ಫೋಟೋ ತೆಗೆದು 'ನಮ್ಮ ಮರಮಿತ್ರ' ಎಂದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದಳು, ಒಂದು ಹಸಿರು ಟೋಪಿಯನ್ನೂ ಕೊಟ್ಟಳು. ಪೂವಪ್ಪ ಅದನ್ನು ತೊಟ್ಟುಕೊಂಡೇ ಉಪ್ಪುನೀರು ಹೊಯ್ಯತೊಡಗಿದ. ಬಿಸಿಲಿಗೆ ಹಿತವಾಗಿತ್ತು. ತಾನು ನಿಜಕ್ಕೂ ಒಳ್ಳೆಯವನಿರಬಹುದೇ ಎಂಬ ಅನುಮಾನ ಒಮ್ಮೊಮ್ಮೆ ಅವನಿಗೇ ಬರುತ್ತಿತ್ತು.

ಮೇ ಹೊತ್ತಿಗೆ ಎಲೆಗಳ ಅಂಚು ಸುಟ್ಟಂತಾಗಿ ಉದುರತೊಡಗಿದವು. ಸಂದಿಯಲ್ಲಿ ಬೋರ್ಡಿನ ಮೊದಲ ಅಕ್ಷರ ಇಣುಕಿತು. ಮಳೆಗೆ ಮುಂಚೆ ಅಪಾಯದ ಮರಗಳನ್ನು ತೆಗೆಯುವ ಕೆಲಸ ನಡೆದಿತ್ತು. ಪೂವಪ್ಪ ತಾನೇ ಶ್ರಾವ್ಯಾಳಿಗೆ ಫೋನ್ ಮಾಡಿದ. ದನಿಯಲ್ಲಿ ಬೇಕಾದಷ್ಟೇ ದುಃಖವಿತ್ತು. ಅವಳು ಬಂದು ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಸಾರಿ ಅಂಕಲ್. ನೀವು ಇಷ್ಟು ನೀರು ಹಾಕಿ ಕೂಡ... ಗರ್ಮಿನೇ ಅಷ್ಟಿದೆ."

ಮರ ತೆಗೆಯಬಹುದು ಎಂದು ಬರೆಯಲು ಅವಳು ಪೆನ್ನು ತೆಗೆದಳು. ಶೀಲಾವತಿ ಅವಳಿಗೆ ಮಜ್ಜಿಗೆ ತಂದುಕೊಟ್ಟಳು. ಪೂವಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಹೊಸ ಬೋರ್ಡಿಗೆ ಕೆಂಪು ಬಲ್ಬುಗಳೋ ನೀಲಿ ಬಲ್ಬುಗಳೋ ಎಂಬುದೊಂದೇ ಇನ್ನು ತೀರ್ಮಾನವಾಗಬೇಕಿತ್ತು.

ಆಗ ಗಲ್ಲಿಯ ದೇವಸ್ಥಾನದ ಮುಂದೆ ಗೋಗ್ರಾಸದ ಹುಲ್ಲು ಮಾರುವ ಮರಾಠಿ ಹೆಂಗಸು ಮೌಶಿಯ ಹಸು ಹಗ್ಗ ಎಳೆದುಕೊಂಡು ಬಂದು ಮರದ ಬುಡದ ಮಣ್ಣನ್ನು ಆಸೆಯಿಂದ ನೆಕ್ಕತೊಡಗಿತು. ಮೌಶಿ ಎಷ್ಟು ಎಳೆದರೂ ಕದಲಲಿಲ್ಲ. ಅಲ್ಲಿ ನೆಕ್ಕಿ ಮುಗಿದ ಮೇಲೆ, ಬಕೆಟ್ಟಿನಿಂದ ತುಳುಕಿ ಫುಟ್‌ಪಾತಿನಲ್ಲಿ ಒಣಗಿದ್ದ ಬಿಳಿ ಕಲೆಗಳನ್ನು ಒಂದೊಂದಾಗಿ ನೆಕ್ಕುತ್ತಾ ಅಡಿಗೆಮನೆಯ ಪಕ್ಕದ ಬಾಗಿಲಿಗೆ ನಡೆದು, ಅಲ್ಲಿಟ್ಟಿದ್ದ ಬಕೆಟ್ಟಿಗೆ ಮೂತಿ ಹಾಕಿತು. ಶ್ರಾವ್ಯಾ ಬರೆಯುವುದನ್ನು ನಿಲ್ಲಿಸಿ ಅದರ ಹಿಂದೆಯೇ ಹೋದಳು. ಚಿಕ್ಕಂದಿನಲ್ಲೇ ಊರು ಬಿಟ್ಟು ಹೋಟೆಲು ಸೇರಿದ ಪೂವಪ್ಪನಿಗೆ ದನದ ಹಟ್ಟಿಯ ಸಂಗತಿಗಳು ಮರೆತೇ ಹೋಗಿದ್ದವು. ಶೀಲಾವತಿಗೆ ಮರೆತಿರಲಿಲ್ಲ. "ದನಕ್ಕೆ ಉಪ್ಪು ಅಂದ್ರೆ ಜೀವ ಅಲ್ವಾ ಮಗಾ," ಎಂದು ಅವಳು ಹಸುವಿನ ಬೆನ್ನು ಸವರಿದಳು. ಆಮೇಲೆ ಗಂಡನ ಕಡೆ ಹೆಮ್ಮೆಯಿಂದ ನೋಡಿ ಹೇಳಿದಳು: "ಅದು ಉಪ್ಪಿನ ಸೊಳೆ ನೆನೆಸಿದ ನೀರು. ಮೊದಲೆಲ್ಲ ಮೋರಿಗೆ ಚೆಲ್ತಾ ಇದ್ದದ್ದು. ಈಗ ಇವರು ಒಂದು ಹನಿ ವೇಸ್ಟ್ ಮಾಡುದಿಲ್ಲ, ಪೂರಾ ಮರಕ್ಕೇ ಹಾಕುದು."