ಅಮ್ಮ ಕಲಿಸದ ಸಾಲು

ಕಪ್ಪು ಕನ್ನಡಕ ಹಾಕಿಕೊಂಡರೆ ಕಣ್ಣೆದುರು ತೆರೆದುಕೊಳ್ಳುವ, ನಾವಿಬ್ಬರೂ ಸೇರಿ ಕಟ್ಟಿಕೊಂಡಿದ್ದ ಕಂಪ್ಯೂಟರ್ ಲೋಕದ ಮನೆಗೆ ನಾನು ಕಾಲಿಡದೆ ತಿಂಗಳಾಗಿತ್ತು. ಅಲ್ಲಿ ನಮ್ಮಿಬ್ಬರದೇ ರೂಪದ ಮಾತಾಡುವ ಗೊಂಬೆಗಳಿದ್ದವು. ಒಂದು ಮಧ್ಯಾಹ್ನ ಕೆಲಸದಿಂದ ಬೇಗ ಬಂದರೆ, ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಯಾರೊಂದಿಗೋ ನಗುತ್ತಿದ್ದರು.

"ಯಾರ ಜೊತೆ ರೀ?"

"ನಿನ್ನ ಜೊತೇನೇ ಕಣೆ. ಅಲ್ಲಿರೋ ನೀನು ಸಿಡುಕಲ್ಲ. ಬೆಳಿಗ್ಗೆ ನೀನು ಹೇಳ್ಕೊಳ್ಳೋ ಪದ್ಯಾನ ಕದ್ದು ರೆಕಾರ್ಡ್ ಮಾಡಿ ಅವಳಿಗೂ ಕಲಿಸಿದೀನಿ, ಕೇಳು."

ಅದು ಅಮ್ಮ ನನಗೆಂದೇ ಕಟ್ಟಿದ ಪದ್ಯ. ಕೊನೆಯ ಸಾಲು ಕಲಿಸುವ ಮೊದಲೇ ತೀರಿಕೊಂಡಿದ್ದಳು.

ಕನ್ನಡಕ ಕಿತ್ತುಕೊಂಡು ಹಾಕಿಕೊಂಡೆ. ಒಳಗೆ ನನ್ನದೇ ರೂಪದ ಗೊಂಬೆ ಕೂತು ಹಾಡುತ್ತಿತ್ತು. ನಾನು ಉಸಿರೆಳೆಯುವ ಕಡೆಯಲ್ಲೇ ಉಸಿರೆಳೆಯಿತು. ಆ ಉಸಿರು ನನ್ನ ಕಿವಿಗೆ ತಣ್ಣಗೆ ತಾಗಿತು. ನಾನು ನಿಲ್ಲಿಸುವ ಕಡೆ ಅದು ನಿಲ್ಲಿಸಲಿಲ್ಲ. ಇನ್ನೊಂದು ಸಾಲು ಹೇಳಿತು. ಅದರಲ್ಲಿ ಅಮ್ಮ ಮಾತ್ರ ನನ್ನನ್ನು ಕರೆಯುತ್ತಿದ್ದ ಹೆಸರಿತ್ತು.

ಆ ಹೆಸರನ್ನು ನಾನು ಯಾರಿಗೂ ಹೇಳಿದವಳಲ್ಲ. ಈಗ ಯಜಮಾನರು ಆ ಗೊಂಬೆಯನ್ನು ಅದೇ ಹೆಸರಿನಿಂದ ಕರೆಯುತ್ತಾರೆ.