ಹೊಸ್ತಿಲ ಕನ್ನಡಿ

ಎಪ್ಪತ್ನಾಲ್ಕರಲ್ಲಿ ಹಲಗೂರಿನ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿದೆವು. ಮುರಿದ ಹೊಸ್ತಿಲಿನ ತುಂಡುಗಳು ನೀರೊಲೆಗೆ ಹೋಗುವುದರಲ್ಲಿದ್ದವು. ಅವನ್ನೇ ಎತ್ತಿಕೊಂಡು ಕೆತ್ತಿ, ಎರಡು ಗಿಳಿ ಕೂತಂಥ ಕನ್ನಡಿ ಚೌಕಟ್ಟು ಮಾಡಿದೆ.

"ಒಸ್ಲು ಕಣ್ಲಾ ಅದು, ಗ್ವಾಡೆಗೆ ತಗುಲಾಕ್ಬ್ಯಾಡ. ಎಲ್ಲಿದ್ರೂ ಅದು ಒಸ್ಲೇಯ" ಎಂದಳು ಅವ್ವ.

ನಾನು ಕೇಳಲಿಲ್ಲ. ಅಡುಗೆಮನೆಗೆ ಹೋಗುವ ಓಣಿಯ ಗೋಡೆಗೆ ತೂಗುಹಾಕಿದೆ. ಗಿಳಿ ನೋಡಲು ಬೀದಿಗೆ ಬೀದಿಯೇ ಬಂತು. ಮರಗೆಲಸದ ಚಿಕ್ಕಣ್ಣನೇ, "ನನ್ ಕೈಲೂ ಇಂಗಾಗ್ತಿರ್ಲಿಲ್ಲ ಕಣ್ಲಾ" ಅಂದ. ಅಂದವನು ಕನ್ನಡಿಯ ಮುಂದಿನ ಬರಿನೆಲದ ಮೇಲೆ ಹೆಜ್ಜೆ ಎತ್ತಿಟ್ಟು, ಏನನ್ನೋ ದಾಟಿ ಮುಂದೆ ಹೋದ. ಹಿಂದೆ ಬಂದವರೂ ಹಾಗೇ ದಾಟಿದರು. ಅದು ಅವರ ಗಮನಕ್ಕೇ ಬರಲಿಲ್ಲ. ಆಗತಾನೇ ನಡೆಯಲು ಕಲಿತ ನನ್ನ ಮಗಳೂ ಅಲ್ಲಿಗೆ ಬಂದು ನಿಂತು, ಗೋಡೆ ಹಿಡಿದು, ದಾಟಿದಳು. ಯಾರೂ ಅರಿಸಿನ ಹಚ್ಚದಿದ್ದರೂ ಅಲ್ಲಿ ಹಸಿ ಅರಿಸಿನದ ವಾಸನೆ.

ಹೆದರಿಕೆ ಆಗಲಿಲ್ಲವೇ ಎಂದರೆ, ಆಯಿತು. ಆದರೂ ಸೌದೆಯಾಗಬೇಕಿದ್ದ ಮರಕ್ಕೆ ಊರಿನಿಂದ ಮರ್ಯಾದೆ ಕೊಡಿಸಿದವನು ನಾನು ಎಂದು ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಈಗ ಮನೆಯ ಕೆಂಪು ಗಾರೆ ನೆಲವೆಲ್ಲ ಸವೆದು ಬಿಳಿಚಿಕೊಂಡಿದೆ. ಕನ್ನಡಿಯ ಮುಂದೆ ಮಾತ್ರ, ಈ ಗೋಡೆಯಿಂದ ಆ ಗೋಡೆಗೆ, ಗೇಣಗಲದ ಪಟ್ಟಿಯೊಂದು ಗಾರೆ ಹಾಕಿದ ದಿನದಷ್ಟೇ ಕೆಂಪಗಿದೆ.